ಸತ್ತವಳು ಎಲ್ಲಿಗೆ ಹೋದಳು? ಫ್ಯಾಂಟಸಿ ಆಟಕ್ಕೆ ಲೋಕಗಳನ್ನು ಕಟ್ಟುವ ಬಗೆ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸಿ ಕತೆ ನಡೆಸುವ ಆಟ ನಮ್ಮದು. ಅದು ಶುರುವಾಗಿ ಮೂರನೇ ಶನಿವಾರ ಒಂದು ಪಾತ್ರ ಸತ್ತಿತು. ಬಿಲ್ಲು ಹಿಡಿದ ಬೇಟೆಗಾರ್ತಿ. 20 ಮುಖದ ಡೈಸ್ ಉರುಳಿ 1ಕ್ಕೆ ನಿಂತಿತು, ಅಷ್ಟೇ. ಮೇಜಿನ ಸುತ್ತ ಇದ್ದವರೆಲ್ಲ ಸುಮ್ಮನಾದರು. ಆ ಪಾತ್ರ ಆಡುತ್ತಿದ್ದ ಗೆಳತಿ ಸ್ವಲ್ಪ ಹೊತ್ತು ಡೈಸನ್ನೇ ನೋಡಿದಳು. ಆಮೇಲೆ ಕೇಳಿದಳು: "ಸರಿ. ಈಗ ಅವಳು ಎಲ್ಲಿಗೆ ಹೋದ್ಲು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹೊತ್ತಿಗೆ ಒಂದು 200 ಪುಟದ ನೋಟ್‌ಬುಕ್ ತುಂಬ ಬರೆದಿದ್ದೆ. ಸೃಷ್ಟಿ ಹೇಗಾಯಿತು, ಯಾವ ದೇವರು ಯಾರ ಮಗ, ಮೇಲೆ ಎಷ್ಟು ಲೋಕ, ಕೆಳಗೆ ಎಷ್ಟು, ಎಲ್ಲ ಇತ್ತು. ಹೆಣದ ಪಕ್ಕ ನಿಂತ ಗೆಳೆಯರು ಈಗ ಏನು ಮಾಡಬೇಕು ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಸುಡಬೇಕಾ, ಹೂಳಬೇಕಾ, ಬೆಳಗಾಗುವ ತನಕ ಕಾಯಬೇಕಾ?

ಎರಡು ವಾರ ಆಟ ನಿಲ್ಲಿಸಿದೆವು. ಆ ನೋಟ್‌ಬುಕ್ ಬದಿಗಿಟ್ಟು ಮೊದಲಿಂದ ಕಟ್ಟಿದೆ. ಹೇಗೆ ಕಟ್ಟಿದೆ ಅನ್ನುವುದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನೀವು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಿಸುತ್ತಿರಬಹುದು, ಬೇರೆ ಯಾವುದೋ ಆಟ ಇರಬಹುದು, ನಿಯಮಗಳನ್ನೂ ನೀವೇ ಬರೆದುಕೊಂಡಿರಬಹುದು. ಗೇಮ್ ಮಾಸ್ಟರ್, ಅಂದರೆ ಲೋಕ ಕಟ್ಟಿ ಆಟ ನಡೆಸುವವರ, ಕುರ್ಚಿಯಲ್ಲಿ ಕೂತವರಿಗೆಲ್ಲ ಆ ಗೆಳತಿಯ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕಾಸ್ಮಾಲಜಿ ಅಥವಾ ವಿಶ್ವರಚನೆ ಅಂದರೆ ಇಷ್ಟೇ: ಲೋಕಗಳು ಎಷ್ಟು, ಹೇಗೆ ಜೋಡಿಸಿಕೊಂಡಿವೆ, ಅವುಗಳ ನಡುವೆ ಏನು ಓಡಾಡುತ್ತದೆ ಅನ್ನುವ ಲೆಕ್ಕ. ಆ ಲೆಕ್ಕ ಮನೆಯ ಹೊಸ್ತಿಲ ತನಕ ಇಳಿದು ಬಂದರೆ ಮಾತ್ರ ಆಟದಲ್ಲಿ ಕೆಲಸಕ್ಕೆ ಬರುತ್ತದೆ.

ಹೆಣದಿಂದ ಶುರು ಮಾಡಿ

ಸೃಷ್ಟಿಯಿಂದ ಶುರು ಮಾಡಬೇಡಿ. ಸೃಷ್ಟಿ ಆಗಿದ್ದು ಯಾವ ಕಾಲದಲ್ಲೋ. ನಿಮ್ಮ ಆಟಗಾರರು ಅದನ್ನು ನೋಡುವುದೇ ಇಲ್ಲ. ಸಾವನ್ನು ನೋಡುತ್ತಾರೆ, ಅದೂ ಮೊದಲ ತಿಂಗಳಲ್ಲೇ.

ಒಂದು ಹಾಳೆ ತೆಗೆದುಕೊಂಡು ಈ ಪ್ರಶ್ನೆಗಳಿಗೆ ಒಂದೊಂದು ಸಾಲಿನ ಉತ್ತರ ಬರೆಯಿರಿ. ಉಸಿರು ನಿಂತ ಮೊದಲ ಗಂಟೆಯಲ್ಲಿ ಮನೆಯವರು ಏನು ಮಾಡುತ್ತಾರೆ? ಏನು ಮಾಡಲು ಹೆದರುತ್ತಾರೆ? ಸತ್ತವರ ಹೆಸರು ಕೂಗಬಹುದಾ? ಸತ್ತವರು ವಾಪಸ್ ಬರಬಹುದಾ? ಬಂದರೆ ಯಾರಿಗೆ ನಷ್ಟ? ಕೊನೆಯ ಪ್ರಶ್ನೆಯನ್ನು ಬಿಡಬೇಡಿ, ನಿಮ್ಮ ಅರ್ಧ ಕತೆ ಅಲ್ಲೇ ಕೂತಿರುತ್ತದೆ.

ನಮ್ಮ ಮನೆಗಳಲ್ಲಿ ನಡೆಯುವುದನ್ನೇ ನೆನೆಸಿಕೊಳ್ಳಿ. ಪಿಂಡ ಇಟ್ಟು ಎಲ್ಲರೂ ದೂರ ಸರಿದು ನಿಲ್ಲುತ್ತಾರೆ. ಕಾಗೆ ಬರಬೇಕು. ಬರುವುದಿಲ್ಲ. ಯಾರೋ ಹಿರಿಯರು ಮೆತ್ತಗೆ ಹೇಳುತ್ತಾರೆ, "ಮೊಮ್ಮಗಳ ಮದುವೆ ನೋಡ್ಬೇಕು ಅಂತ ಆಸೆ ಇತ್ತು ಅವರಿಗೆ. ಚೆನ್ನಾಗಿ ಮಾಡ್ತೀವಿ ಅಂತ ಹೇಳಪ್ಪ." ಮಗ ಕೈ ಮುಗಿದು ಹೇಳುತ್ತಾನೆ. ಕಾಗೆ ಬಂದು ಮುಟ್ಟುತ್ತದೆ. ಅಲ್ಲಿ ನಿಂತವರಲ್ಲಿ 14 ಲೋಕಗಳ ಹೆಸರು ಹೇಳಬಲ್ಲವರು ಬಹಳ ಕಮ್ಮಿ. ಆದರೆ ಸತ್ತವರು ಇನ್ನೂ ಹತ್ತಿರದಲ್ಲೇ ಇದ್ದಾರೆ, ಅವರಿಗೆ ಆಸೆ ಉಳಿದಿದೆ, ಹಕ್ಕಿಯ ಮೂಲಕ ಮಾತಾಡುತ್ತಾರೆ, ಬದುಕಿದವರು ಕೊಟ್ಟ ಮಾತಿಗೆ ಬೆಲೆ ಕೊಡುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಒಂದು ಕಾಗೆಯೊಳಗೆ ಇಷ್ಟೆಲ್ಲ ಇದೆ. ನಿಮ್ಮ ಲೋಕಕ್ಕೂ ಇಂಥ ಒಂದು ಕಾಗೆ ಹುಡುಕಿ.

ರೂಲ್‌ಬುಕ್‌ನಲ್ಲಿ ಆಗಲೇ ಏನಿದೆ ನೋಡಿ

ಆಟದ ನಿಯಮಗಳೊಳಗೆ ಒಂದು ವಿಶ್ವರಚನೆ ಆಗಲೇ ಇರುತ್ತದೆ. ಗಮನಿಸದೆ ಬಿಟ್ಟರೆ ಅದು ನಿಮ್ಮದರ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2014ರ ಐದನೇ ಆವೃತ್ತಿಯಲ್ಲಿ ಸತ್ತವರನ್ನು ವಾಪಸ್ ಬದುಕಿಸುವ ರೇಸ್ ಡೆಡ್ ಅನ್ನುವ ಮಂತ್ರ ಇದೆ. ಸತ್ತು 10 ದಿನ ದಾಟಿರಬಾರದು. 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಅದು ಮಂತ್ರಕ್ಕೇ ಖರ್ಚಾಗುತ್ತದೆ. ಆತ್ಮಕ್ಕೆ ಬರುವ ಮನಸ್ಸಿರಬೇಕು, ಯಾರ ಸೆರೆಯಲ್ಲೂ ಇರಬಾರದು. ಇದರಲ್ಲಿ ಎಷ್ಟು ಅಡಗಿದೆ ನೋಡಿ. ಆತ್ಮ ಇದೆ. ಅದಕ್ಕೆ ಬೇಕು ಬೇಡ ಇದೆ. ಅದನ್ನು ಯಾರಾದರೂ ಹಿಡಿದಿಟ್ಟುಕೊಳ್ಳಬಹುದು. ಮತ್ತೆ, ವಜ್ರ ಇದ್ದವರ ಮಕ್ಕಳು ವಾಪಸ್ ಬರುತ್ತಾರೆ, ಇಲ್ಲದವರ ಮಕ್ಕಳು ಬರುವುದಿಲ್ಲ. ಅಂಥ ನಾಡಿನಲ್ಲಿ ವಜ್ರದ ಗಣಿ ಯಾರ ಕೈಯಲ್ಲಿರುತ್ತದೆ ಅಂತ ಯೋಚಿಸಿ.

ಸತ್ತವರನ್ನು ಮಾತಾಡಿಸುವ ಸ್ಪೀಕ್ ವಿತ್ ಡೆಡ್ ಮಂತ್ರ ಇನ್ನೂ ಸ್ವಾರಸ್ಯ. ಹೆಣಕ್ಕೆ 5 ಪ್ರಶ್ನೆ ಕೇಳಬಹುದು. ಆದರೆ ಆತ್ಮ ವಾಪಸ್ ಬಂದಿರುವುದಿಲ್ಲ, ದೇಹವನ್ನು ಆಡಿಸುತ್ತಿದ್ದ ಚೈತನ್ಯ ಮಾತ್ರ ಬಂದಿರುತ್ತದೆ ಅಂತ ನಿಯಮವೇ ಹೇಳುತ್ತದೆ. ಹಾಗಾದರೆ ಮನುಷ್ಯನೊಳಗೆ ಎರಡು ಇವೆ. ಒಂದು ಹೊರಟು ಹೋಗುವಂಥದ್ದು, ಇನ್ನೊಂದು ಇಲ್ಲೇ ಉಳಿಯುವಂಥದ್ದು. ಆ ಒಂದು ಸಾಲು ಓದಿದ ದಿನ ನನಗೆ ದಾರಿ ಕಂಡಿತು.

ಸಾವು, ದೇವರು, ಬೇರೆ ಲೋಕಕ್ಕೆ ಹೋಗುವುದು, ಮುಂದಾಗುವುದನ್ನು ಹೇಳುವುದು, ಇವನ್ನು ಮುಟ್ಟುವ ನಿಯಮಗಳನ್ನೆಲ್ಲ ಪಟ್ಟಿ ಮಾಡಿ. ಇಟ್ಟುಕೊಳ್ಳುತ್ತೀರಾ, ಬದಲಿಸುತ್ತೀರಾ, ತೆಗೆಯುತ್ತೀರಾ ಅಂತ ಪ್ರತಿಯೊಂದರ ಎದುರು ಬರೆಯಿರಿ. ತೆಗೆಯುವುದಿದ್ದರೆ ಮೊದಲ ದಿನವೇ ಆಟಗಾರರಿಗೆ ಹೇಳಿಬಿಡಿ. ಕ್ಲೆರಿಕ್, ಅಂದರೆ ಮಂತ್ರ ಹಾಕುವ ಪೂಜಾರಿಯ ಪಾತ್ರ, ಆಡುವವರು ಕಷ್ಟಪಟ್ಟು ಒಂಬತ್ತನೇ ಲೆವೆಲ್‌ಗೆ ಬಂದ ಮೇಲೆ "ಆ ಮಂತ್ರ ಇಲ್ಲಿ ನಡೆಯಲ್ಲ" ಅಂದರೆ ಅದು ಮೋಸ.

ಒಂದು ಆಕಾರ ಬೇಕು

ಡಂಜನ್ಸ್ ಅಂಡ್ ಡ್ರಾಗನ್ಸ್ ಬಂದಿದ್ದು 1974ರಲ್ಲಿ. ಅದರ ಲೋಕಗಳ ಜೋಡಣೆ ಮೊದಲ ಸಲ 1977ರಲ್ಲಿ ಡ್ರಾಗನ್ ಪತ್ರಿಕೆಯಲ್ಲಿ ಅಚ್ಚಾಯಿತು. ಆಮೇಲೆ ಅದಕ್ಕೆ ದೊಡ್ಡ ಚಕ್ರ ಅಂತಲೇ ಹೆಸರು ಬಂತು. ಆ ಆಟದಲ್ಲಿ ಪಾತ್ರದ ಸ್ವಭಾವವನ್ನು ಎರಡು ಗೆರೆಗಳ ಮೇಲೆ ಗುರುತಿಸುತ್ತಾರೆ. ಒಳ್ಳೆಯದು ಕೆಟ್ಟದ್ದು ಒಂದು ಗೆರೆ, ಕಟ್ಟುಪಾಡು ಮತ್ತು ಅಂಕೆಯಿಲ್ಲದಿರುವುದು ಇನ್ನೊಂದು. ಆ ಗೆರೆಗಳನ್ನೇ ಆಕಾಶಕ್ಕೆ ಎತ್ತಿದರೆ ಚಕ್ರ ಸಿಗುತ್ತದೆ. ಅಂಚಿನ ಸುತ್ತ 16 ಲೋಕ. ನಡುವೆ ಯಾವ ಕಡೆಗೂ ವಾಲದವರ ಜಾಗ.

ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಯಾರು ಸತ್ತರೆ ಎಲ್ಲಿಗೆ ಹೋಗುತ್ತಾರೆ ಅಂತ ಮೇಜಿನಲ್ಲಿ ಕೂತವರೇ ಊಹಿಸಬಹುದು. ತೊಂದರೆಯೂ ಅದರಲ್ಲೇ ಇದೆ. ಚಕ್ರದಲ್ಲಿ ಖಾನೆ ಖಾಲಿ ಇದೆ ಅನ್ನುವ ಕಾರಣಕ್ಕೆ ಕೆಲವು ಲೋಕಗಳು ಹುಟ್ಟಿಕೊಂಡ ಹಾಗೆ ಕಾಣುತ್ತವೆ. 2008ರ ನಾಲ್ಕನೇ ಆವೃತ್ತಿ ಮಾಡಿದವರು ಚಕ್ರವನ್ನೇ ತೆಗೆದರು. ಮೇಲೆ ದೇವಲೋಕಗಳು ತೇಲುವ ಕಡಲು, ಕೆಳಗೆ ಬೆಂಕಿ ನೀರು ಮಣ್ಣು ಗಾಳಿ ಕಲಸಿದ ಗೊಂದಲ. ಅಕ್ಕಪಕ್ಕದಲ್ಲಿ ನಮ್ಮ ಲೋಕದ ಎರಡು ಬಿಂಬಗಳು, ಫೇವೈಲ್ಡ್ ಮತ್ತು ಶ್ಯಾಡೋಫೆಲ್. 2014ರಲ್ಲಿ ಚಕ್ರ ವಾಪಸ್ ಬಂತು. ಆದರೆ ಆ ಎರಡು ಬಿಂಬಗಳನ್ನು ಕೈಬಿಡಲಿಲ್ಲ. ನನಗೆ ಕಾಣುವ ಕಾರಣ ಸರಳ. ಅಲ್ಲಿಗೆ ಇನ್ನೂ ಶಕ್ತಿ ಕಮ್ಮಿ ಇರುವ ಪಾತ್ರಗಳೂ ದಾರಿ ತಪ್ಪಿ ಹೋಗಬಹುದು. ಕಾಡಿನಲ್ಲಿ ಮುಸ್ಸಂಜೆ ಹೊತ್ತು ಒಂದು ಹೆಜ್ಜೆ ಆಚೆ ಇಟ್ಟರೆ ಸಾಕು.

ಆದ್ದರಿಂದ ಆಕಾರ ಹುಡುಕುವಾಗ ಚೆಂದ ಕಾಣುತ್ತಾ ಅಂತ ಕೇಳಬೇಡಿ. ಇದರಲ್ಲಿ ಏನು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ, ಎಲ್ಲಿ ಸೋರುತ್ತದೆ ಅಂತ ಕೇಳಿ. ನಿಮಗೆ ಕೈಯಾರೆ ಗೊತ್ತಿರುವ ವಸ್ತುವನ್ನೇ ಹಿಡಿಯಿರಿ. ಮಗ್ಗ ಗೊತ್ತಿದ್ದರೆ ಮಗ್ಗ. ಗಾಣ ನೋಡಿದ್ದರೆ ಗಾಣ. ಅಡಿಕೆ ತೋಟದಲ್ಲಿ ಬೆಳೆದವರಿಗೆ ಅಲ್ಲೇ ಒಂದು ಬ್ರಹ್ಮಾಂಡ ಸಿಗುತ್ತದೆ.

ನಾನು ಕೆರೆ ಹಿಡಿದೆ. ನಮ್ಮ ತಾಯಿಯ ಊರು ಕೋಲಾರದ ಕಡೆ. ಅಲ್ಲಿ ಕೆರೆಗಳು ಒಂಟಿಯಾಗಿ ಇರುವುದಿಲ್ಲ, ಸಾಲಾಗಿರುತ್ತವೆ. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆಗೆ ನೀರು. ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬು ಎತ್ತಿದರೆ ಅಚ್ಚುಕಟ್ಟಿನ ಗದ್ದೆಗೆ ನೀರು. ತೂಬು ಎತ್ತುವ ಇಳಿಸುವ ಕೆಲಸ ನೀರುಗಂಟಿಯದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರವರು ಗಾಡಿ ತಂದು ಗೋಡು ಮಣ್ಣು ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಜಾಗ. ಹೂಳು ತೆಗೆಯದಿದ್ದರೆ ಮುಂದಿನ ಮಳೆಗೆ ಕೆರೆ ಬೇಗ ತುಂಬಿ ಬೇಗ ಕೋಡಿ ಬೀಳುತ್ತದೆ. ಬೇಸಿಗೆ ಹೊತ್ತಿಗೆ ಖಾಲಿ.

ಇದನ್ನೇ ಎತ್ತಿ ಲೋಕಗಳ ಮೇಲೆ ಇಟ್ಟೆ. ಎಲ್ಲಕ್ಕಿಂತ ಮೇಲೆ ಹುಟ್ಟುಗೆರೆ, ಇನ್ನೂ ಹುಟ್ಟದವರದ್ದು. ಅದರ ಕೆಳಗೆ ದೇವಗೆರೆ. ಅದರ ಕೆಳಗೆ ನಡುಗೆರೆ, ಅದೇ ನಮ್ಮ ಲೋಕ. ನಡುಗೆರೆಯ ಕೆಳಗೆ ಮರೆಗೆರೆ, ಸತ್ತವರದ್ದು. ಜೀವ ಅಂದರೆ ನೀರು, ಮೇಲಿಂದ ಕೆಳಕ್ಕೆ ಹರಿಯುತ್ತದೆ. ನೆನಪು ಅಂದರೆ ಹೂಳು. ಅದು ಭಾರ, ಹರಿದು ಹೋಗುವುದಿಲ್ಲ, ತಳದಲ್ಲಿ ಕೂರುತ್ತದೆ. ಒಬ್ಬ ಮನುಷ್ಯ ಸತ್ತಾಗ ಜೀವ ಕೋಡಿ ದಾಟಿ ಮರೆಗೆರೆಗೆ ಹೋಗುತ್ತದೆ, ನೆನಪು ನಡುಗೆರೆಯ ತಳದಲ್ಲಿ ಉಳಿಯುತ್ತದೆ. ರೂಲ್‌ಬುಕ್‌ನ ಆತ್ಮ, ಚೈತನ್ಯ ಎರಡಕ್ಕೂ ಜಾಗ ಸಿಕ್ಕಿತು. ಹೆಣದ ಹತ್ತಿರ ಪ್ರಶ್ನೆ ಕೇಳಿದಾಗ ಉತ್ತರ ಕೊಡುವುದು ಹೂಳು.

ಆಮೇಲೆ ಬಂದಿದ್ದೆಲ್ಲ ಕೆರೆಯೇ ಕೊಟ್ಟಿದ್ದು. ಗೋಡು ಮಣ್ಣಿನಲ್ಲಿ ಸತ್ವ ಇದೆ, ಹಾಗಾದರೆ ಮಂತ್ರವಾದಿಗಳು ಬಳಸುವುದು ಅದನ್ನೇ. ಪ್ರತಿ ಮಂತ್ರಕ್ಕೂ ಯಾರೋ ಸತ್ತವರ ನೆನಪು ಖರ್ಚಾಗುತ್ತದೆ. ಎಲ್ಲೋ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿಗೆ ತನ್ನ ತಂಗಿಯ ಮುಖ ಮರೆತು ಹೋಗುತ್ತದೆ. ಹಾಗಂತ ಹೂಳು ತೆಗೆಯದೆ ಬಿಟ್ಟರೆ ನಡುಗೆರೆಯಲ್ಲಿ ನೀರು ನಿಲ್ಲುವುದಿಲ್ಲ. ಹುಟ್ಟಿದ ಮಕ್ಕಳು ಉಳಿಯುವುದಿಲ್ಲ. ಮಂತ್ರವಾದಿ ಕಳ್ಳನೂ ಹೌದು, ಊರಿಗೆ ಬೇಕಾದವನೂ ಹೌದು. ಈ ಜಗಳವನ್ನು ನಾನು ಯೋಚಿಸಿ ಹುಟ್ಟಿಸಿದ್ದಲ್ಲ. ಸರಿಯಾದ ಆಕಾರ ಸಿಕ್ಕರೆ ಹೀಗೆ ಆಗುತ್ತದೆ. ನೀವು ಕೇಳದಿದ್ದರೂ ಅದು ಉತ್ತರ ಕೊಡುತ್ತಾ ಹೋಗುತ್ತದೆ.

ದಾರಿ, ಕಾವಲು, ಬೆಲೆ

ಲೋಕಗಳ ನಡುವೆ ದಾರಿ ಇರಬೇಕು. ಸುಲಭದ ದಾರಿ ಇದ್ದರೆ ಲೋಕ ಪಕ್ಕದ ಬೀದಿ ಆಗಿಬಿಡುತ್ತದೆ. ದಾರಿಯೇ ಇಲ್ಲದಿದ್ದರೆ ಅದು ನಿಮ್ಮ ನೋಟ್‌ಬುಕ್‌ನಲ್ಲೇ ಕೊಳೆಯುತ್ತದೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕೆ 1994ರಲ್ಲಿ ಬಂದ ಲೋಕ ಪ್ಲೇನ್‌ಸ್ಕೇಪ್‌ನಲ್ಲಿ ಸಿಗಿಲ್ ಅನ್ನುವ ಊರು ಇದೆ. ಅಲ್ಲಿ ಯಾವ ಕಮಾನು ಬೇಕಾದರೂ ಬೇರೆ ಲೋಕದ ಬಾಗಿಲಾಗಿರಬಹುದು. ಆದರೆ ಪ್ರತಿ ಬಾಗಿಲಿಗೂ ಒಂದು ಕೀಲಿ ಇದೆ, ಅದು ಒಂದು ವಸ್ತು ಇರಬಹುದು, ಮಾತಿರಬಹುದು, ಸುಮ್ನೆ ಮನಸ್ಸಿನಲ್ಲಿ ಬಂದ ಒಂದು ಯೋಚನೆಯೂ ಇರಬಹುದು. ನನಗೆ ಇದರಲ್ಲಿ ಇಷ್ಟವಾಗಿದ್ದು ಏನು ಗೊತ್ತಾ? ಬಾಗಿಲು ದೊಡ್ಡದಾದರೂ ಕೀಲಿ ಕೈಯಲ್ಲಿ ಹಿಡಿಯುವಷ್ಟು ಸಣ್ಣದು. ಆಟಗಾರರು ಹುಡುಕುವುದು ಅದನ್ನೇ.

ನಮ್ಮ ಲೋಕದಲ್ಲಿ ದಾರಿ ಎರಡು. ವಯಸ್ಸಾಗಿ, ಕಾಯಿಲೆಯಾಗಿ ಹೋಗುವವರು ಕೋಡಿಯಿಂದ ಹೋಗುತ್ತಾರೆ. ಕೊಲೆಯಾದವರು ತೂಬಿನಿಂದ ಹೋಗುತ್ತಾರೆ, ಯಾಕೆಂದರೆ ಯಾರೋ ಕೈಯಾರೆ ತೆಗೆದಿದ್ದಾರೆ. ತೂಬಿನಿಂದ ಹೋದವರ ಲೆಕ್ಕವನ್ನು ನೀರುಗಂಟಿಗಳು ಇಡುತ್ತಾರೆ. ನಾವು ಆಡುವ ಆಟಗಳಲ್ಲಿ ಪಾತ್ರಗಳು ಎಷ್ಟು ಜನರನ್ನು ಕೊಲ್ಲುತ್ತವೆ ಅಂತ ನಿಮಗೇ ಗೊತ್ತು. ಆರನೇ ಶನಿವಾರ ನಮ್ಮ ಗುಂಪು ಮೊದಲ ಸಲ ಒಬ್ಬ ನೀರುಗಂಟಿಯನ್ನು ಭೇಟಿಯಾಯಿತು. ಏರಿಯ ಮೇಲೆ ಗಂಗಮ್ಮನ ಗುಡಿ ಇರುವ ಜಾಗದಲ್ಲಿ ಒಂದು ಗುಡಿಸಲು. ಮುದುಕಿ. ಯಾರ ಮುಖವನ್ನೂ ನೋಡಲಿಲ್ಲ. ಅಳತೆ ಕಲ್ಲಿನ ಮೇಲೆ ಬೆರಳಾಡಿಸಿ ಹೇಳಿದಳು, "ನಿಮ್ಮ ನಾಲ್ಕು ಜನರ ಲೆಕ್ಕದಲ್ಲಿ ಒಂಬತ್ತು ಗೆರೆ ಇಳಿದಿದೆ. ಬನ್ನಿ, ಊಟ ಮಾಡಿ." ಅಷ್ಟೇ ಹೇಳಿಸಿದೆ. ಅದಾದ ಮೇಲೆ ಆ ಗುಂಪು ಕತ್ತಿ ತೆಗೆಯುವ ಮೊದಲು ಮಾತಾಡಲು ಶುರು ಮಾಡಿತು.

ಇನ್ನು ಸತ್ತವರನ್ನು ವಾಪಸ್ ತರುವುದು. ನೀರು ತಾನಾಗಿ ಮೇಲಕ್ಕೆ ಹರಿಯುವುದಿಲ್ಲ. ಆದರೆ ನೀರನ್ನು ಮೇಲೆತ್ತಲು ನಮ್ಮವರು ಏತ ಕಟ್ಟಿದ್ದರಲ್ಲ. ತೊಲೆಯ ಒಂದು ತುದಿ ಕೆಳಗಿಳಿದರೆ ಇನ್ನೊಂದು ತುದಿ ಮೇಲೇಳುತ್ತದೆ, ಅದಕ್ಕೆ ಭಾರ ಬೇಕು. ಈ ಲೋಕದಲ್ಲಿ ಭಾರ ಇರುವುದು ಹೂಳಿಗೆ, ಅಂದರೆ ನೆನಪಿಗೆ. ಹಾಗಾಗಿ ರೇಸ್ ಡೆಡ್ ಮಂತ್ರದಿಂದ ವಜ್ರ ತೆಗೆದೆ. ವಾಪಸ್ ಕರೆಯುವವರು ತಮ್ಮದೇ ಒಂದು ನೆನಪನ್ನು ಕೊಡಬೇಕು. ಇದು ಮೇಜಿನ ಮೇಲೆ ಕಾಣುವಂತೆ ಮಾಡಲು ಒಂದು ಉಪಾಯ ಮಾಡಿದೆ, ನೀವೂ ಮಾಡಿ ನೋಡಿ. ಪ್ರತಿ ಆಟಗಾರರೂ ತಮ್ಮ ಪಾತ್ರದ ಐದು ನೆನಪುಗಳನ್ನು, ಪಾತ್ರದ ವಿವರ ಬರೆದ ಹಾಳೆಯ, ಅಂದರೆ ಕ್ಯಾರೆಕ್ಟರ್ ಶೀಟ್‌ನ ಹಿಂದೆ ಪೆನ್ಸಿಲ್‌ನಲ್ಲಿ ಬರೆಯಬೇಕು. ಕೊಟ್ಟದ್ದನ್ನು ರಬ್ಬರ್‌ನಿಂದ ಅಳಿಸಬೇಕು. ಅಳಿಸಿದ ಮೇಲೆ ಆ ಪಾತ್ರ ಅದರ ಬಗ್ಗೆ ಮಾತಾಡುವ ಹಾಗಿಲ್ಲ.

ದೇವರುಗಳಿಗೆ ಏನು ಬೇಕು?

ದೇವರ ಶಕ್ತಿ ಏನು ಅಂತ ಬರೆಯುವ ಮೊದಲು ದೇವರಿಗೆ ಏನು ಕೊರತೆ ಅಂತ ಬರೆಯಿರಿ. ಯಾವ ಕೊರತೆಯೂ ಇಲ್ಲದ ದೇವರು ಆಟದಲ್ಲಿ ಏನೂ ಮಾಡುವುದಿಲ್ಲ.

ದೇವರು ಇದ್ದಾರಾ ಇಲ್ಲವಾ ಅನ್ನುವುದೂ ನಿಮ್ಮ ತೀರ್ಮಾನವೇ. ಗ್ರೆಗ್ ಸ್ಟಾಫರ್ಡ್ 1966ರಲ್ಲಿ ಕಟ್ಟಲು ಶುರು ಮಾಡಿದ ಗ್ಲೊರಾಂತಾ ಲೋಕಕ್ಕೆ 1978ರಲ್ಲಿ ರೂನ್‌ಕ್ವೆಸ್ಟ್ ಆಟ ಬಂತು. ಅಲ್ಲಿ ಪುರಾಣವೇ ಭೂಗೋಳ. ಭೂಮಿ ಚೌಕದ ಹೆಂಟೆಯ ಹಾಗೆ ನೀರಿನ ಮೇಲೆ ತೇಲುತ್ತದೆ, ಮೇಲೆ ಆಕಾಶದ ಗುಮ್ಮಟ. ಸೂರ್ಯ ಅಂದರೆ ದೇವರೇ, ಪ್ರತಿ ಸಂಜೆ ಪಾತಾಳಕ್ಕೆ ಇಳಿದು ಬೆಳಿಗ್ಗೆ ಎದ್ದು ಬರುತ್ತಾನೆ. ಜನರು ದೇವರ ಕತೆಯನ್ನು ತಾವೇ ನಡೆಸಿ, ಆ ಕತೆಯೊಳಕ್ಕೆ ಹೋಗಿ, ಅಲ್ಲಿಂದ ಶಕ್ತಿ ತರಬಹುದು. ಇದಕ್ಕೆ ತೀರಾ ಎದುರು ದಿಕ್ಕಿನಲ್ಲಿರುವುದು ಕೀತ್ ಬೇಕರ್ ಅವರ ಎಬೆರಾನ್, 2004ರ ಲೋಕ. ಅಲ್ಲಿ ಪೂಜಾರಿಗಳಿಗೆ ಶಕ್ತಿ ಇದೆ, ಆದರೆ ದೇವರು ಇರುವುದಕ್ಕೆ ಸಾಕ್ಷಿ ಇಲ್ಲ. ನಂಬಿಕೆಯೇ ಸಾಕು. ಕೆಟ್ಟ ಪೂಜಾರಿಯೂ ಒಳ್ಳೆಯ ದೇವರ ಹೆಸರಿನಲ್ಲಿ ಮಂತ್ರ ಹಾಕಬಹುದು. ಎರಡೂ ಒಳ್ಳೆಯ ಲೋಕಗಳೇ. ಅರ್ಧಂಬರ್ಧ ಮಾಡಿದಾಗ ಮಾತ್ರ ಕೆಡುತ್ತದೆ.

ನನ್ನ ದೇವಗೆರೆಯ ದೇವರುಗಳ ಕೊರತೆ ನೀರೇ. ಹುಟ್ಟುಗೆರೆಯಿಂದ ಬರುವುದು ಮೊದಲು ಅವರಿಗೆ. ಅವರು ಕೋಡಿಯ ಮೇಲೆ ಒಂದು ಸಾಲು ಕಲ್ಲು ಜಾಸ್ತಿ ಇಟ್ಟರೆ ಅವರ ಕೆರೆ ತುಂಬಿರುತ್ತದೆ, ನಮ್ಮಲ್ಲಿ ತೊಟ್ಟಿಲು ಖಾಲಿ. ಮೇಲಿನ ಊರಿನವರು ಹೀಗೆ ಮಾಡಿದ್ದಕ್ಕೆ ಕೆಳಗಿನ ಊರಿನವರು ದೊಣ್ಣೆ ಹಿಡಿದು ಹೋದ ಕತೆಗಳನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ದೇವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯ ಬೀಳಲಿಲ್ಲ.

ಗಡಿಯಾರ ಕೊಡಿ

ಅಲ್ಲಾಡದ ವಿಶ್ವರಚನೆ ಗೋಡೆಗೆ ಅಂಟಿಸಿದ ಚಿತ್ರದ ಹಾಗೆ, ಎರಡನೇ ಸಲ ಯಾರೂ ನೋಡುವುದಿಲ್ಲ. ಎಬೆರಾನ್‌ನಲ್ಲಿ 13 ಲೋಕಗಳಿವೆ, ಹೆಚ್ಚಿನವು ಹತ್ತಿರ ಬರುತ್ತವೆ, ದೂರ ಹೋಗುತ್ತವೆ. ಹತ್ತಿರ ಬಂದಾಗ ಆ ಲೋಕದ ಗುಣ ಇಲ್ಲಿಗೂ ಹರಡುತ್ತದೆ. ಆಟಗಾರರು ಪಂಚಾಂಗ ನೋಡಿಕೊಂಡು ಯೋಜನೆ ಹಾಕಬಹುದು.

ಕಾಲದ ಆಕಾರವನ್ನೂ ಇಲ್ಲೇ ತೀರ್ಮಾನಿಸಿ. ಕಾಲ ನೇರವಾಗಿ ಹೋಗುತ್ತದಾ, ಸುತ್ತುತ್ತದಾ? ಜೈನರ ಲೆಕ್ಕದಲ್ಲಿ ಕಾಲಚಕ್ರ ಆರು ಭಾಗ ಇಳಿಯುತ್ತದೆ, ಆರು ಭಾಗ ಏರುತ್ತದೆ. ನಾವು ಈಗ ಇಳಿಯುವ ಕಾಲದ ಐದನೇ ಭಾಗದಲ್ಲಿದ್ದೇವೆ. ಅದೊಂದರ ಉದ್ದವೇ 21,000 ವರ್ಷ. ನಿಮ್ಮ ಲೋಕದ ಜನ ತಾವು ಇಳಿಜಾರಿನಲ್ಲಿದ್ದೇವೆ ಅಂತ ನಂಬಿದ್ದರೆ ಹಳೆಯ ಕತ್ತಿಗೆ ಹೊಸ ಕತ್ತಿಗಿಂತ ಜಾಸ್ತಿ ಬೆಲೆ. ಏರುತ್ತಿದ್ದೇವೆ ಅಂತ ನಂಬಿದ್ದರೆ ಹಳೆಯದನ್ನು ಕರಗಿಸುತ್ತಾರೆ.

ನನ್ನದು ಸುಲಭ, ಮಳೆಗಾಲ ಮತ್ತು ಬೇಸಿಗೆ. ಕೋಡಿ ಬೀಳುವ ವಾರ ಹುಟ್ಟೂ ಜಾಸ್ತಿ, ಸಾವೂ ಜಾಸ್ತಿ. ಆ ವಾರ ಊರಲ್ಲಿ ಬಾಗಿನ ಬಿಡುತ್ತಾರೆ, ಮುದುಕರು ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಬೇಸಿಗೆಯಲ್ಲಿ ಕೆರೆಯ ತಳ ಕಾಣುತ್ತದೆ. ಆಗ ಮಂತ್ರವಾದಿಗಳ ಸುಗ್ಗಿ.

ಎಲ್ಲರಿಗೂ ಒಂದೇ ಕತೆ ಗೊತ್ತಿರಬಾರದು

ನಿಮಗೆ ನಿಜ ಗೊತ್ತು. ಆ ಲೋಕದ ಜನಕ್ಕೆ ಗೊತ್ತಿರಬೇಕಾಗಿಲ್ಲ. ಮೇಲಿನ ಊರಿನವರ ಪ್ರಕಾರ ದೇವರು ದಯೆಯಿಂದ ನೀರು ಬಿಡುತ್ತಾರೆ. ಕೆಳಗಿನ ಊರಿನವರ ಪ್ರಕಾರ ದೇವರು ನಮ್ಮ ನೀರು ಕದಿಯುತ್ತಾರೆ. ನೀರುಗಂಟಿಗಳ ಪ್ರಕಾರ ದೇವರು ಅಂತ ಯಾರೂ ಇಲ್ಲ, ಇಳಿಜಾರು ಇದೆ ಅಷ್ಟೇ. ಒಬ್ಬೊಬ್ಬ ಆಟಗಾರರಿಗೆ ಒಂದೊಂದು ಕತೆ ಕೊಡಿ, ಉಳಿದವರಿಗೆ ಹೇಳಬೇಡಿ. ರಾತ್ರಿ ಬೆಂಕಿಯ ಸುತ್ತ ಕೂತಾಗ ಅವರೇ ವಾದ ಮಾಡುತ್ತಾರೆ. ನಮ್ಮಲ್ಲಿ ಒಂದು ಸಲ ಒಂದೂವರೆ ಗಂಟೆ ನಡೆಯಿತು. ನಾನು ಒಂದು ಮಾತೂ ಆಡಲಿಲ್ಲ.

ಹೊಸ್ತಿಲಿಗೆ ತನ್ನಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಜಾಸ್ತಿ ಜನ ಬಿಡುವುದೂ ಇದನ್ನೇ. ನೀವು ತೀರ್ಮಾನಿಸಿದ ಪ್ರತಿ ಸಂಗತಿಯೂ ದಿನದ ಬದುಕಿನಲ್ಲಿ ಎಲ್ಲಾದರೂ ಕಾಣಬೇಕು. ಬೈಗುಳದಲ್ಲಿ, ಆಣೆಯಲ್ಲಿ, ಹರಕೆಯಲ್ಲಿ, ಅಡುಗೆಮನೆಯಲ್ಲಿ. ಕಾಣದಿದ್ದರೆ ಆ ಸಂಗತಿಯನ್ನು ಕೈಬಿಡಿ.

ನಡುಗೆರೆಯಲ್ಲಿ ಮಗುವಿಗೆ ಹರಸುವುದು "ಕೋಡಿ ದೂರ ಇರಲಿ" ಅಂತ. ಶಪಿಸುವುದು "ನಿನ್ನ ಹೂಳು ಬೇರೆಯವರ ಕೈಗೆ ಸಿಗಲಿ" ಅಂತ. ಆಣೆ ಇಡುವವರು ಬೊಗಸೆಯಲ್ಲಿ ನೀರು ಹಿಡಿಯುತ್ತಾರೆ, ಸುಳ್ಳು ಹೇಳಿದರೆ ಬೆರಳ ಸಂದಿಯಿಂದ ಸೋರುತ್ತದೆ ಅನ್ನುವ ನಂಬಿಕೆ. ಬೆರಳ ಸಂದಿಯಿಂದ ನೀರು ಸೋರೇ ಸೋರುತ್ತದೆ ಅಲ್ವಾ? ಅದಕ್ಕೇ ಅಲ್ಲಿ ಆಣೆಗಳು ಬಹಳ ಚಿಕ್ಕವು, ಬೇಗ ಬೇಗ ಹೇಳಿ ಮುಗಿಸುತ್ತಾರೆ.

ಇನ್ನು ಸಾವಿನ ಮೊದಲ ಗಂಟೆ. ವಯಸ್ಸಾಗಿ ಸತ್ತವರ ಮನೆಯಲ್ಲಿ ಹೊಸ್ತಿಲ ಮೇಲೆ ಕೊಡ ಇಟ್ಟು, ಅದು ತುಂಬಿ ಚೆಲ್ಲುವ ತನಕ ನೀರು ಹೊಯ್ಯುತ್ತಾರೆ. ಚೆಲ್ಲಿದ ನೀರು ಅಂಗಳ ದಾಟಿ ಬೀದಿಗೆ ಹೋಗುವ ತನಕ ಯಾರೂ ಅಳುವ ಹಾಗಿಲ್ಲ. ಕೊಲೆಯಾದವರಿಗೆ ಕೊಡ ತುಂಬಿಸುವುದಿಲ್ಲ, ತಳಕ್ಕೆ ತೂತು ಹೊಡೆಯುತ್ತಾರೆ. ಬೇಟೆಗಾರ್ತಿಯ ಗೆಳೆಯರು ಅವತ್ತು ಏನು ಮಾಡಬೇಕಿತ್ತು ಅನ್ನುವುದಕ್ಕೆ ಉತ್ತರ ಇದೇ. ಎರಡು ವಾರ ಬಿಟ್ಟು ಮತ್ತೆ ಕೂತಾಗ ಅಲ್ಲಿಂದಲೇ ಆಟ ಶುರು ಮಾಡಿದೆವು. ನಾನು ಅಡುಗೆಮನೆಯಿಂದ ಒಂದು ಮಣ್ಣಿನ ಕುಡಿಕೆ ತಂದು ಮೇಜಿನ ಮೇಲೆ ಇಟ್ಟೆ. ಯಾರು ತೂತು ಹೊಡೆಯುತ್ತಾರೆ ಅಂತ ಕೇಳಿದೆ. ಒಬ್ಬರಿಗೂ ಕೈ ಬರಲಿಲ್ಲ, ಬಹಳ ಹೊತ್ತು.

ಒಂದು ಬಿರುಕು ಬಿಡಿ

ಎಲ್ಲ ಸರಿಯಾಗಿ ನಡೆಯುವ ಲೋಕದಲ್ಲಿ ಕತೆ ಇಲ್ಲ. ಎಲ್ಲೋ ಒಂದು ಕಡೆ ಏರಿ ಬಿರುಕು ಬಿಟ್ಟಿರಲಿ. ಜೊತೆಗೆ ನಿಮಗೂ ಗೊತ್ತಿಲ್ಲದ ಒಂದು ಜಾಗ ಇರಲಿ. ಮರೆಗೆರೆಗೂ ಒಂದು ಕೋಡಿ ಇದೆ, ಅಲ್ಲಿ ನೀರು ಬೀಳುವ ಸದ್ದು ಕೇಳುತ್ತದೆ, ಕೆಳಗೆ ಏನಿದೆ ಅಂತ ನಾನು ಬರೆದಿಲ್ಲ. ಆಟಗಾರರು ಊಹೆ ಮಾಡುತ್ತಿದ್ದಾರೆ. ಅವರ ಊಹೆಗಳಲ್ಲಿ ಎರಡು ನನ್ನ ತಲೆಗೆ ಬರಲು ಸಾಧ್ಯವೇ ಇಲ್ಲದಷ್ಟು ಚೆನ್ನಾಗಿವೆ. ಬರೆದುಕೊಂಡಿದ್ದೇನೆ.

ಜೀವಂತ ನಂಬಿಕೆಯ ವಿಷಯದಲ್ಲಿ

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮಲ್ಲಿ ಸಾಮಗ್ರಿಗೆ ಕೊರತೆ ಇಲ್ಲ ಅಂತ ಎಲ್ಲವನ್ನೂ ಎತ್ತಿ ತರಬೇಡಿ. ತುಳುನಾಡಿನಲ್ಲಿ ಪಾಡ್ದನ, ಅಂದರೆ ದೈವದ ಕತೆಯ ಹಾಡು, ಹೇಳುತ್ತಾ ದೈವ ಮೈಮೇಲೆ ಬರುವುದನ್ನು ಕೈ ಮುಗಿದು ನೋಡುವ ಮನೆಗಳಿವೆ. ಆ ದೈವದ ಹೆಸರಿಗೆ ಹಿಟ್ ಪಾಯಿಂಟ್ (ಎಷ್ಟು ಏಟು ತಡೆಯುತ್ತದೆ ಅನ್ನುವ ಅಂಕ) ಬರೆದು, ಆಟಗಾರರು ಹೊಡೆದು ಹಾಕುವ ಮಾನ್‌ಸ್ಟರ್ ಮಾಡುವುದು ತಪ್ಪು. ಹೆಸರು ಬದಲಿಸಿದರೂ ಸಾಲದು, ನೋಡಿದವರಿಗೆ ಗೊತ್ತಾಗುತ್ತದೆ. ಅದರ ಬದಲು ಆ ಆಚರಣೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಅಲ್ಲಿ ದೈವ ಊರಿನ ನ್ಯಾಯ ಹೇಳುತ್ತದೆ, ಜಮೀನಿನ ಜಗಳ ಕೇಳುತ್ತದೆ, ಕೊಟ್ಟ ಮಾತು ನೆನಪಿಸುತ್ತದೆ. ಲೋಕ ಮತ್ತು ಊರು ಹೀಗೆ ಮಾತಾಡಿಕೊಳ್ಳುವ ಬಗೆಯನ್ನು ಕಲಿಯಿರಿ, ಆಮೇಲೆ ನಿಮ್ಮದೇ ಒಂದನ್ನು ಕಟ್ಟಿ. ಸಂಶಯ ಇದ್ದರೆ ಮೇಜಿನಲ್ಲಿ ಕೂತವರನ್ನು ಮೊದಲೇ ಕೇಳಿ.

ಆಟಗಾರರ ಕೈಗೆ ಏನು ಕೊಡಬೇಕು

ಒಂದೇ ಪುಟ. ಅದಕ್ಕಿಂತ ಜಾಸ್ತಿ ಬೇಡ. ನಾನು ಕೊಟ್ಟಿದ್ದು ಇಷ್ಟು: ಕೆರೆಗಳ ಸಾಲಿನ ಒಂದು ಚಿತ್ರ, ಪೆನ್ನಿನಲ್ಲಿ ಬಿಡಿಸಿದ್ದು. ಒಂದು ಹಾರೈಕೆ, ಒಂದು ಶಾಪ. ಸಾವಿನ ಮನೆಯಲ್ಲಿ ಏನು ಮಾಡುತ್ತಾರೆ ಅನ್ನುವ ಎರಡು ಸಾಲು. ಅವರ ಊರಿನವರು ದೇವರ ಬಗ್ಗೆ ಏನು ಹೇಳುತ್ತಾರೆ ಅನ್ನುವ ಒಂದು ಸಾಲು. ಹಿಂದೆ ಐದು ನೆನಪಿಗೆ ಖಾಲಿ ಜಾಗ. ಹೂಳಿನ ಗುಟ್ಟು ಕೊಡಲಿಲ್ಲ. ಮಂತ್ರವಾದಿಯ ಪಾತ್ರ ಆಡುವವನು ಅದನ್ನು ಎಂಟನೇ ಶನಿವಾರ ತಾನೇ ಕಂಡುಹಿಡಿದ. ಅವತ್ತಿಂದ ಒಂದು ಹಳ್ಳಿಗೆ ಹೋದಾಗಲೆಲ್ಲ ಅವನು ಮೊದಲು ಕೇಳುವುದು, "ಇಲ್ಲಿ ಯಾರಾದ್ರೂ ಏನಾದ್ರೂ ಮರೆತಿದ್ದೀರಾ?" ಅಂತ.

ಹನ್ನೊಂದನೇ ಶನಿವಾರ ಅವರು ಏತ ಹುಡುಕಿಕೊಂಡು ಮರೆಗೆರೆಯ ಅಂಚಿಗೆ ಬಂದರು. ಬೇಟೆಗಾರ್ತಿಯನ್ನು ಮೇಲೆತ್ತಲು. ತೊಲೆಯ ಈ ತುದಿಗೆ ಭಾರ ಯಾರು ಕೊಡುತ್ತೀರಿ ಅಂತ ನೀರುಗಂಟಿ ಮುದುಕಿಯ ಬಾಯಲ್ಲಿ ಕೇಳಿಸಿದೆ. ಮಂತ್ರವಾದಿ ತನ್ನ ಶೀಟ್ ತಿರುಗಿಸಿದ. ಐದು ನೆನಪುಗಳಲ್ಲಿ ಎರಡನೆಯದು, ಅವನ ಅಮ್ಮ ಹಾಡುತ್ತಿದ್ದ ಲಾಲಿ. ರಬ್ಬರ್ ತೆಗೆದುಕೊಂಡು ನಿಧಾನವಾಗಿ ಅಳಿಸಿದ. ಮೇಜಿನ ಮೇಲೆ ಬಿದ್ದ ಪುಡಿಯನ್ನು ಗೆಳತಿ ಕೈಯಲ್ಲಿ ಒಟ್ಟುಮಾಡಿ, ತೂತು ಹೊಡೆದ ಆ ಕುಡಿಕೆಯೊಳಕ್ಕೆ ಹಾಕಿದಳು.